ಕ್ರಾಮ್‌ಫರ್ಡ್ ಗಿರಣಿ ಹಳ್ಳಿ: ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

ನೀರುಗಂಟಿ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಡರ್ವೆಂಟ್ ನದಿಯ ಕಣಿವೆ ಇದೆ. ಮ್ಯಾಟ್‌ಲಾಕ್ ಬಾತ್‌ನಿಂದ ಡರ್ಬಿಯವರೆಗೆ ಸುಮಾರು 24 ಕಿ.ಮೀ. ಉದ್ದಕ್ಕೂ ಹಳೆಯ ಹತ್ತಿ ಗಿರಣಿಗಳು, ಅವುಗಳ ಸುತ್ತ ಕಟ್ಟಿದ ಕೆಲಸಗಾರರ ಊರುಗಳು. 2001ರಲ್ಲಿ ಯುನೆಸ್ಕೊ ಇಡೀ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಕ್ರಾಮ್‌ಫರ್ಡ್ ಎಂಬ ಒಂದೇ ಹಳ್ಳಿಯ ಬಗ್ಗೆ ಇಲ್ಲಿ ಮಾತಾಡೋಣ.

"ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಡರ್ವೆಂಟ್ ನದಿಯ ನೀರಿನಿಂದ ಮೊದಲ ಗಿರಣಿ ನಡೆಸಿದ" ಎಂದು ಬರೆಯುವುದುಂಟು. ಅದು ತಪ್ಪು. ನದಿ ಕೂಗಳತೆಯಲ್ಲಿತ್ತು, ಆದರೆ ಆತ ಅದನ್ನು ಮುಟ್ಟಲಿಲ್ಲ. 1771ರ ಆಗಸ್ಟ್‌ನ ಗುತ್ತಿಗೆ ಪತ್ರದಲ್ಲಿ ಆತ ಮತ್ತು ಪಾಲುದಾರರು (ಜೆಡಿಡಾಯ ಸ್ಟ್ರಟ್, ಸ್ಯಾಮ್ಯುಯೆಲ್ ನೀಡ್ ಮೊದಲಾದವರು) ಹಿಡಿದುಕೊಂಡದ್ದು ಎರಡು ಸಣ್ಣ ನೀರುಗಳನ್ನು. ಒಂದು ಬಾನ್ಸಾಲ್ ಹಳ್ಳ. ಇನ್ನೊಂದು ಕ್ರಾಮ್‌ಫರ್ಡ್ ಸಫ್, ಅಂದರೆ ಮೇಲಿನ ಗುಡ್ಡದ ಸೀಸದ ಗಣಿಗಳ ನೀರು ಬಸಿದುಹೋಗಲೆಂದು 17ನೇ ಶತಮಾನದಲ್ಲೇ ಕೊರೆಯಲು ತೊಡಗಿದ್ದ ಸುರಂಗ ಕಾಲುವೆ. ಗಣಿಯವರಿಗೆ ಬೇಡವಾದ ನೀರು ಗಿರಣಿಗೆ ಬಂಡವಾಳವಾಯಿತು. ಎಪ್ಪತ್ತು ವರ್ಷ ದಾಟಿದ ಮೇಲೆ ಅದೇ ಗಣಿಗಾರಿಕೆ ಆ ನೀರನ್ನು ವಾಪಸ್ ಕಿತ್ತುಕೊಂಡಿತು. ಈ ಹಳ್ಳಿಯ ಇತಿಹಾಸವನ್ನು ಆರ್ಕ್‌ರೈಟನ ಸಾಹಸದ ಕಥೆಯಾಗಿ ಓದುವುದಕ್ಕಿಂತ ನೀರಿನ ಲೆಕ್ಕವಾಗಿ ಓದಿದರೆ ಬೀದಿ, ಕೆರೆ, ಗೋಡೆ ಎಲ್ಲದಕ್ಕೂ ಅರ್ಥ ಸಿಗುತ್ತದೆ ಅನ್ನುವುದು ನನ್ನ ವಾದ.

ಅರಳೆಬುಟ್ಟಿ

ಒಂದು ಸಂದೇಹ ಸರ್. ಪಕ್ಕದಲ್ಲೇ ಅಷ್ಟು ದೊಡ್ಡ ನದಿ ಇರುವಾಗ ಹಳ್ಳಕ್ಕೂ ಗಣಿ ನೀರಿಗೂ ಯಾಕೆ ಹೋದರು? ಹಣದ ಕೊರತೆಯೇ?

ನೀರುಗಂಟಿ

ಹಣವೂ ಒಂದು ಕಾರಣ. ನದಿಗೆ ಅಡ್ಡಲಾಗಿ ಒಡ್ಡು ಕಟ್ಟುವುದು ದುಬಾರಿ, ಎರಡೂ ದಡದ ಹಕ್ಕು ಬೇಕು, ಕೆಳಗಿನವರ ತಕರಾರು ಬೇರೆ. ಆದರೆ ಅದಕ್ಕಿಂತ ಮುಖ್ಯವಾದ ತಾಂತ್ರಿಕ ಕಾರಣಗಳಿವೆ.

ಮೊದಲನೆಯದು ಪ್ರವಾಹ. ನದಿ ಉಕ್ಕಿದರೆ ಚಕ್ರಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ ಅಂದುಕೊಳ್ಳುತ್ತೇವೆ, ಆಗುವುದು ಉಲ್ಟಾ. ಚಕ್ರದ ಕೆಳಗಿನಿಂದ ಹೊರಹೋಗುವ ಕಾಲುವೆಗೆ ನದಿಯ ನೀರು ಹಿಮ್ಮುಖವಾಗಿ ನುಗ್ಗುತ್ತದೆ. ಚಕ್ರದ ತಳಭಾಗ ನಿಂತ ನೀರಿನಲ್ಲಿ ಮುಳುಗಿ, ಹಲಗೆಗಳು ಆ ನೀರನ್ನು ದೂಡುತ್ತ ತಿಣುಕುತ್ತವೆ, ಕೊನೆಗೆ ಚಕ್ರ ನಿಂತೇಬಿಡುತ್ತದೆ. ಸಫ್ ನೀರು ಬೀಳುತ್ತಿದ್ದ ಚಕ್ರ ನದಿಯ ಮಟ್ಟಕ್ಕಿಂತ ಸಾಕಷ್ಟು ಎತ್ತರದಲ್ಲಿತ್ತು, ಅದಕ್ಕೆ ಈ ಕಾಟವಿರಲಿಲ್ಲ.

ಎರಡನೆಯದು ಹಿಮ. ಆ ಸೀಮೆಯ ಚಳಿಗಾಲದಲ್ಲಿ ಹಳ್ಳಗಳು ಹೆಪ್ಪುಗಟ್ಟುತ್ತವೆ, ಚಕ್ರದ ತೊಟ್ಟಿಗಳಲ್ಲಿ ಮಂಜುಗಡ್ಡೆ ಕೂತು ಒಂದು ಪಕ್ಕ ಭಾರವಾಗುತ್ತದೆ. ಗಣಿಯ ಆಳದಿಂದ ಬರುವ ನೀರಿನ ಬಿಸುಪು ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಸಫ್ ಹೆಪ್ಪುಗಟ್ಟುತ್ತಿರಲಿಲ್ಲ. ಬೇಸಿಗೆಯಲ್ಲೂ ಅದರ ಹರಿವು ಹಳ್ಳದಷ್ಟು ಸೊರಗುತ್ತಿರಲಿಲ್ಲ.

ಮೂರನೆಯದು ಚಕ್ರದ ಜಾತಿ. ಎಂಜಿನಿಯರ್ ಜಾನ್ ಸ್ಮೀಟನ್ 1759ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಯೋಗಗಳ ಸಾರ ಇಷ್ಟು: ಅಡಿಯಿಂದ ತಳ್ಳುವ ನೀರು ತನ್ನ ಶಕ್ತಿಯ ಮೂರನೇ ಒಂದು ಭಾಗವನ್ನೂ ಪೂರ್ತಿ ಕೊಡುವುದಿಲ್ಲ, ಮೇಲಿನಿಂದ ತೊಟ್ಟಿಗೆ ಬೀಳುವ ನೀರು ಮೂರನೇ ಎರಡರ ಹತ್ತಿರ ಕೊಡುತ್ತದೆ. ನೀರು ಕಡಿಮೆಯಿದ್ದು ಬೀಳು (ನೀರು ಬೀಳುವ ಎತ್ತರ) ಚೆನ್ನಾಗಿದ್ದರೆ ಸಣ್ಣ ಹಳ್ಳವೂ ದುಡಿಯುತ್ತದೆ.

ಲೆಕ್ಕ ಹಾಕಿ ನೋಡಿ. ಆ ಕಾಲದ ಅಂದಾಜಿನಲ್ಲಿ 1,000 ಕದಿರುಗಳಿಗೆ (ನೂಲು ಹೊಸೆಯುವ ಸ್ಪಿಂಡಲ್‌ಗಳಿಗೆ) 10 ಅಶ್ವಶಕ್ತಿ. ಬೀಳು 5 ಮೀಟರ್, ಚಕ್ರದ ದಕ್ಷತೆ ಶೇ. 65 ಅಂತ ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 234 ಲೀಟರ್ ನೀರು ಬೇಕು. ಹಗಲೂ ರಾತ್ರಿ ನಡೆಸಿದರೆ ದಿನಕ್ಕೆ 20,000 ಘನ ಮೀಟರ್. ಇದು ಕ್ರಾಮ್‌ಫರ್ಡ್‌ನ ಅಳತೆ ಅಲ್ಲ, ಅಂಥ ಗಿರಣಿಗೆ ಬೇಕಾಗುವ ಪ್ರಮಾಣದ ಅಂದಾಜು. ಹಳ್ಳಿಯ ನಡುವೆ ಗ್ರೇಹೌಂಡ್ ಹೋಟೆಲಿನ ಹಿಂದೆ ಇಂದಿಗೂ ಇರುವ ಕೆರೆ ಯಾಕೆ ಬೇಕಾಯಿತು ಅನ್ನುವುದು ಈ ಅಂಕಿಯಲ್ಲೇ ಇದೆ. ಅದನ್ನು ಅಲಂಕಾರಕ್ಕೆ ತೋಡಿದ್ದಲ್ಲ.

ಹಾಸುಹೊಕ್ಕು

ನೀರಿನ ಮಾತು ಒಪ್ಪಿದೆ. ಆದರೆ ಆ ನೀರು ಏನನ್ನು ತಿರುಗಿಸುತ್ತಿತ್ತು ಅನ್ನುವುದನ್ನು ಬಿಟ್ಟರೆ ಹಳ್ಳಿ ಅರ್ಧವೇ ಅರ್ಥವಾಗುತ್ತದೆ.

ಆರ್ಕ್‌ರೈಟ್ 1769ರಲ್ಲಿ ಪೇಟೆಂಟ್ ಪಡೆದ ನೂಲುವ ಯಂತ್ರದ ಜೀವ ಇರುವುದು ಉರುಳೆಗಳಲ್ಲಿ. ಹತ್ತಿಯ ಸಡಿಲ ಬತ್ತಿ ಒಂದರ ಹಿಂದೆ ಒಂದು ಇರುವ ಉರುಳೆ ಜೋಡಿಗಳ ನಡುವೆ ಸಾಗುತ್ತದೆ. ಕೆಳಗಿನ ಉರುಳೆಗೆ ಉದ್ದುದ್ದ ಗೀರುಗಳು, ಮೇಲಿನದಕ್ಕೆ ಚರ್ಮದ ಹೊದಿಕೆ, ಅದರ ಮೇಲೆ ತೂಗುಬಿಟ್ಟ ಭಾರ. ಮುಂದಿನ ಜೋಡಿ ಹಿಂದಿನದಕ್ಕಿಂತ ಆರು ಪಟ್ಟು ವೇಗವಾಗಿ ತಿರುಗಿದರೆ ಬತ್ತಿ ಆರು ಪಟ್ಟು ಉದ್ದವಾಗಿ, ಅಷ್ಟೇ ಪಟ್ಟು ಸಣ್ಣಗಾಗುತ್ತದೆ. ಆಮೇಲೆ ಕದಿರಿನ ಮೇಲಿನ ಕವಲು ತಿರುಗಿ ಹುರಿ ಹಾಕುತ್ತದೆ, ನೂಲು ಉರುಟಿಗೆ (ಬಾಬಿನ್‌ಗೆ) ಸುತ್ತಿಕೊಳ್ಳುತ್ತದೆ.

ಕೆಡುವುದು ಎಲ್ಲಿ? ಉರುಳೆ ಜೋಡಿಗಳ ನಡುವಿನ ಅಂತರದಲ್ಲಿ. ಅದು ಹತ್ತಿಯ ಎಳೆಯ ಉದ್ದಕ್ಕಿಂತ ಸ್ವಲ್ಪವೇ ಹೆಚ್ಚಿರಬೇಕು. ಕಡಿಮೆಯಾದರೆ ಒಂದೇ ಎಳೆಯನ್ನು ಎರಡೂ ಜೋಡಿಗಳು ಕಚ್ಚಿ ಹಿಡಿದು ಹರಿಯುತ್ತವೆ. ಹೆಚ್ಚಾದರೆ ಗಿಡ್ಡ ಎಳೆಗಳು ಯಾರ ಹಿಡಿತಕ್ಕೂ ಸಿಗದೆ ನಡುವೆ ತೇಲುತ್ತವೆ, ಗುಂಪುಗುಂಪಾಗಿ ಮುಂದಕ್ಕೆ ಜಿಗಿಯುತ್ತವೆ. ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಭಾರ ಸಾಲದಿದ್ದರೆ ಮೇಲಿನ ಉರುಳೆ ಜಾರುತ್ತದೆ, ಚರ್ಮ ಸವೆದರೂ ಅದೇ ಗತಿ. ಉರುಳೆಯಿಂದ ನೂಲುವ ಯೋಚನೆ ಲೂಯಿಸ್ ಪಾಲ್ ಮತ್ತು ಜಾನ್ ವ್ಯಾಟ್ ಅವರಿಗೆ 1730ರ ದಶಕದಲ್ಲೇ ಬಂದಿತ್ತು. ಅದನ್ನು ಲಾಭಕ್ಕೆ ನಡೆಯುವ ಯಂತ್ರವಾಗಿಸಿದ್ದು ಈ ಅಂತರ ಮತ್ತು ಭಾರಗಳ ಹದ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಗುಣ. ಉರುಳೆಗೂ ಕದಿರಿಗೂ ಚಾಲನೆ ಒಂದೇ ಮೂಲದಿಂದ ಬರುವುದರಿಂದ ಚಕ್ರ ನಿಧಾನವಾದರೂ ಇಂಚಿಗೆ ಇಷ್ಟು ಹುರಿ ಅನ್ನುವ ಪ್ರಮಾಣ ಬಹುಮಟ್ಟಿಗೆ ಕೆಡುವುದಿಲ್ಲ. ನೀರು ಸೊರಗಿದರೆ ನೂಲಿನ ತೂಕ ಇಳಿಯುತ್ತದೆ, ಗುಣ ಅಷ್ಟಾಗಿ ಇಳಿಯುವುದಿಲ್ಲ. ಕಷ್ಟವೆಲ್ಲ ನಿಲ್ಲಿಸಿ ಮತ್ತೆ ಶುರು ಮಾಡುವಾಗ. ಆ ಜಗ್ಗಿಗೆ ಸಾಲುಸಾಲು ನೂಲು ಹರಿಯುತ್ತದೆ, ಪ್ರತಿಯೊಂದನ್ನೂ ಕೈಯಿಂದ ಕೂಡಿಸಬೇಕು. ಹಗಲು ರಾತ್ರಿ ನಿಲ್ಲಿಸದೆ ನಡೆಸಲು ಇದೂ ಒಂದು ಪ್ರೇರಣೆ.

ಉತ್ಪತ್ತಿಯ ಅಂದಾಜು ಬೇಕಾದವರಿಗೆ: ಇಂಗ್ಲಿಷ್ ಪದ್ಧತಿಯಲ್ಲಿ 20 ನಂಬರ್ ನೂಲು ಅಂದರೆ ಒಂದು ಪೌಂಡಿಗೆ 840 ಗಜದ 20 ಲಡಿ, ಒಟ್ಟು 16,800 ಗಜ. ಹಾಸಿನ ನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗೆ) ಇಂಚಿಗೆ ಸುಮಾರು 20 ಹುರಿ ಇರಲಿ, ಕದಿರು ನಿಮಿಷಕ್ಕೆ 2,000 ಸುತ್ತಲಿ. ಆಗ ನಿಮಿಷಕ್ಕೆ 100 ಇಂಚು ನೂಲು. 96 ಕದಿರಿನ ಒಂದು ಯಂತ್ರ ತಾಸಿಗೆ 16,000 ಗಜ, ಅಂದರೆ ಒಂದು ಪೌಂಡಿಗೆ ತುಸು ಕಡಿಮೆ. ನೂಲು ಹರಿದು ನಿಲ್ಲುವ ಹೊತ್ತು ಕಳೆದರೆ 12 ತಾಸಿನ ಪಾಳಿಗೆ ಹತ್ತು ಪೌಂಡ್ ಆಸುಪಾಸು.

ಈ ನೂಲು ಗಟ್ಟಿ, ಹಾಸಿನ ಎಳೆಗೆ ಹೇಳಿ ಮಾಡಿಸಿದ್ದು. ಆದರೆ ಉರುಟನ್ನು ನೂಲೇ ಎಳೆದು ತಿರುಗಿಸಬೇಕಾದ್ದರಿಂದ ತೀರ ಸಣ್ಣ ನೂಲು ಆ ಎಳೆತ ತಾಳುವುದಿಲ್ಲ. ಅದಕ್ಕೇ ಸಣ್ಣ ನೂಲಿಗೆ 1779ರ ಕ್ರಾಂಪ್ಟನ್‌ನ ಮ್ಯೂಲ್ ಎಂಬ ನೂಲುವ ಯಂತ್ರ ಬೇಕಾಯಿತು.

ಗಟ್ಟಿ ಹಾಸು ಸಿಕ್ಕ ಮೇಲೆ ಕಾನೂನೂ ಬದಲಾಗಬೇಕಿತ್ತು. ಭಾರತದ ಚೀಟಿ ಬಟ್ಟೆಗಳ ಪೈಪೋಟಿಗೆ ಹೆದರಿ ಬ್ರಿಟನ್ 1721ರ ಕಾಯಿದೆಯಿಂದ ಅಚ್ಚು ಹಾಕಿದ ಹತ್ತಿ ಬಟ್ಟೆ ಉಡುವುದನ್ನೇ ತಡೆದಿತ್ತು. ನಾರಗಸೆಯ (ಲಿನನ್) ಹಾಸಿದ್ದ ಬಟ್ಟೆಗೆ ಮಾತ್ರ 1736ರಲ್ಲಿ ಸಡಿಲಿಕೆ ಸಿಕ್ಕಿತ್ತು. ಆರ್ಕ್‌ರೈಟ್ ಮತ್ತು ಪಾಲುದಾರರು ಮನವಿ ಮಾಡಿ, 1774ರಲ್ಲಿ ಬ್ರಿಟನ್ನಿನಲ್ಲೇ ನೂತು ನೇಯ್ದ ಪೂರ್ತಿ ಹತ್ತಿಯ ಬಟ್ಟೆಗೆ ಅನುಮತಿ ಪಡೆದರು. ಗುರುತಿಗೆ ಅಂಚಿನಲ್ಲಿ ಮೂರು ನೀಲಿ ಎಳೆ ಇರಬೇಕೆಂಬ ಷರತ್ತು. ನಮ್ಮ ನೇಕಾರರ ಬಟ್ಟೆಗೆ ಬಾಗಿಲು ಮುಚ್ಚಿಟ್ಟುಕೊಂಡು, ಅದರ ನೆರಳಲ್ಲಿ ಬೆಳೆದ ಕೈಗಾರಿಕೆ ಇದು. ಕ್ರಾಮ್‌ಫರ್ಡ್ ಬಗ್ಗೆ ಬರೆಯುವ ಕನ್ನಡಿಗರು ಇದನ್ನು ಬಿಡಬಾರದು.

ಅರಳೆಬುಟ್ಟಿ

ಹಾಗಾದರೆ ಧಾರವಾಡ ಸೀಮೆಯ ಹತ್ತಿ ಆ ಉರುಳೆಗಳಿಗೆ ಹೊಂದುತ್ತಿತ್ತೇ?

ಹಾಸುಹೊಕ್ಕು

ಕ್ರಾಮ್‌ಫರ್ಡ್‌ನ ಮೊದಲ ದಶಕಗಳಲ್ಲಿ ಬ್ರಿಟನ್ನಿಗೆ ಬರುತ್ತಿದ್ದದ್ದು ಮುಖ್ಯವಾಗಿ ವೆಸ್ಟ್ ಇಂಡೀಸ್ ಮತ್ತು ತುರ್ಕಿ ಕಡೆಯ ಹತ್ತಿ. ವೆಸ್ಟ್ ಇಂಡೀಸ್ ಹತ್ತಿ ಅಂದರೆ ಗುಲಾಮರ ದುಡಿಮೆ. ಇದನ್ನು ಹೇಳದೆ ಗಿರಣಿಯ ಜಾಣ್ಮೆಯನ್ನಷ್ಟೇ ಹೊಗಳುವುದು ಸರಿಯಲ್ಲ.

ನಮ್ಮ ಹತ್ತಿ ಹೆಚ್ಚಾಗಿ ಅಲ್ಲಿಗೆ ತಲುಪಿದ್ದು 1861ರಿಂದ 65ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ, ಲ್ಯಾಂಕಾಶೈರ್ ಗಿರಣಿಗಳಿಗೆ. ಧಾರವಾಡದ ನಾಟಿ ಹತ್ತಿ ಕುಮಟಾ ಬಂದರಿನಿಂದ ಸಾಗುತ್ತಿದ್ದುದರಿಂದ ಪೇಟೆಯಲ್ಲಿ ಅದರ ಹೆಸರೇ ಕುಮ್ಟಾ. ಅಮೆರಿಕದ ಬೀಜದಿಂದ ಬೆಳೆದದ್ದು ಧಾರವಾಡ-ಅಮೆರಿಕನ್. ಎಳೆ ಗಿಡ್ಡವಾದ್ದರಿಂದ ಉದ್ದ ಎಳೆಗೆ ಹೊಂದಿಸಿದ ಉರುಳೆಗಳಲ್ಲಿ ಅದು ತೇಲುತ್ತಿತ್ತು. ಅಂತರ ಕಿರಿದು ಮಾಡಬೇಕು, ಹುರಿ ಹೆಚ್ಚಿಸಬೇಕು, ಹುರಿ ಹೆಚ್ಚಿಸಿದರೆ ತಾಸಿನ ಉತ್ಪತ್ತಿ ಇಳಿಯುತ್ತದೆ. ಎಲೆ ಪುಡಿ, ಬೀಜದ ಚೂರು ಬೇರೆ. ಅಲ್ಲಿನ ಕೆಲಸಗಾರರಿಗೆ ನೂಲಿನ ತೂಕದ ಮೇಲೆ ಕೂಲಿ ಇದ್ದಕಡೆ ಇದು ನೇರ ಹೊಟ್ಟೆಗೆ ಬಿದ್ದ ಪೆಟ್ಟು. ದೋಷ ಹತ್ತಿಯದಲ್ಲ. ಅದೇ ಗಿಡ್ಡ ಎಳೆಯನ್ನು ನಮ್ಮ ಕೈರಾಟೆಗಳು ಸಲೀಸಾಗಿ ನೂಲುತ್ತಿದ್ದವು.

ಗಾರೆಕಲ್ಲು

ಕಟ್ಟಡಗಳ ಕಡೆ ಬರೋಣ. ಕ್ರಾಮ್‌ಫರ್ಡ್‌ಗೆ ಹೋಗುವವರು ಗೈಡ್ ಹೇಳಿದ್ದನ್ನು ಕೇಳುವ ಮುಂಚೆ ಗೋಡೆ ಓದುವುದು ಒಳ್ಳೆಯದು.

ರಸ್ತೆಗೆ ಮುಖ ಮಾಡಿದ ಗಿರಣಿಯ ಹೊರಗೋಡೆಯಲ್ಲಿ ಕೆಳಹಂತಕ್ಕೆ ಕಿಟಕಿಗಳಿಲ್ಲ, ಕಟ್ಟಡಗಳೇ ಬಾಗಿ ಆವರಣವಾಗಿವೆ, ಒಳಗೆ ಹೋಗಲು ಗೇಟು. ಲ್ಯಾಂಕಾಶೈರ್‌ನ ಬರ್ಕೇಕರ್‌ನಲ್ಲಿದ್ದ ಆರ್ಕ್‌ರೈಟನ ಗಿರಣಿಯನ್ನು 1779ರಲ್ಲಿ ಯಂತ್ರಗಳ ಮೇಲೆ ಸಿಟ್ಟಾದ ಜನ ಸುಟ್ಟರು. ಆ ಭಯವನ್ನು ಈ ಗೋಡೆಗಳಲ್ಲಿ ಈಗಲೂ ನೋಡಬಹುದು.

ಗಿರಣಿಯ ಅಗಲ ಸುಮಾರು 9 ಮೀಟರ್. ಆ ಕಾಲದ ಹತ್ತಿ ಗಿರಣಿಗಳಲ್ಲಿ ಈ ಅಳತೆ ಮತ್ತೆ ಮತ್ತೆ ಸಿಗುತ್ತದೆ. ಆರ್ಕ್‌ರೈಟ್ ಪರವಾನಗಿಯನ್ನು 1,000 ಕದಿರುಗಳ ಲೆಕ್ಕದಲ್ಲಿ ಮಾರುತ್ತಿದ್ದ, ಕೊಂಡವರು ಹೆಚ್ಚುಕಡಿಮೆ ಅದೇ ಅಳತೆಯ ಕಟ್ಟಡ ಎಬ್ಬಿಸಿದರು. ಅಗಲ ಹೆಚ್ಚಾದರೆ ನಡುವೆ ಹಗಲ ಬೆಳಕು ತಲುಪುವುದಿಲ್ಲ, ಮರದ ತೊಲೆಗಳೂ ಬಾಗುತ್ತವೆ.

1771ರ ಮೊದಲ ಗಿರಣಿ ಐದು ಅಂತಸ್ತಿನದು. ಈಗ ಮೂರೇ ಉಳಿದಿವೆ, ಮೇಲಿನ ಎರಡು 20ನೇ ಶತಮಾನದ ಬೆಂಕಿಯಲ್ಲಿ ಹೋದವು. 1776ರ ಎರಡನೇ ಗಿರಣಿ 1890ರಲ್ಲಿ ಪೂರ್ತಿ ಸುಟ್ಟಿತು, ಅಡಿಪಾಯ ಮಾತ್ರ ಇದೆ. ಮರದ ನೆಲಕ್ಕೆ ಯಂತ್ರದ ಎಣ್ಣೆ ಇಳಿದಿರುತ್ತದೆ, ಗಾಳಿಯಲ್ಲಿ ಹತ್ತಿಯ ಧೂಳು, ರಾತ್ರಿ ಪಾಳಿಗೆ ಮೇಣದ ಬತ್ತಿ. ಹೊತ್ತಿಕೊಳ್ಳಲು ಇನ್ನೇನು ಬೇಕು? ಇದೇ ಕಣಿವೆಯ ಬೆಲ್ಪರ್‌ನಲ್ಲಿ ಸ್ಟ್ರಟ್ ಮನೆತನದ ಉತ್ತರ ಗಿರಣಿ 1803ರ ಜನವರಿಯಲ್ಲಿ ಸುಟ್ಟಾಗ ವಿಲಿಯಂ ಸ್ಟ್ರಟ್ 1804ರಲ್ಲಿ ಅದನ್ನು ಎರಕದ ಕಬ್ಬಿಣದ ಕಂಬ, ತೊಲೆ ಮತ್ತು ಇಟ್ಟಿಗೆ ಕಮಾನುಗಳಿಂದ ಕಟ್ಟಿದ. ಅದು ಇಂದಿಗೂ ನಿಂತಿದೆ.

ಮನೆಗಳ ವಿಷಯದಲ್ಲಿ ನಾರ್ತ್ ಸ್ಟ್ರೀಟ್ ನೋಡಲೇಬೇಕು. 1776ರ ಹೊತ್ತಿನದು, ಎದುರುಬದುರು ಎರಡು ಸಾಲು, ಮೂರು ಅಂತಸ್ತು. ಮೂರನೇ ಅಂತಸ್ತಿನಲ್ಲಿ ಅಡ್ಡಕ್ಕೆ ಉದ್ದವಾದ ಕಿಟಕಿ ಕಾಣುತ್ತದಲ್ಲ, ಅದು ಮಗ್ಗದ ಕೋಣೆಗೆ ಬೆಳಕು ತರಲು. ಹೆಂಗಸರು, ಮಕ್ಕಳು ಗಿರಣಿಗೆ ಹೋಗುವುದು, ಗಂಡಸರು ಮನೆಯ ಮೇಲೆ ನೇಯುವುದು ಎಂಬ ಏರ್ಪಾಟು. ಕೆಲವು ಕಡೆ ಆ ಉದ್ದ ಕಿಟಕಿಯ ಒಂದು ಭಾಗವನ್ನು ಆಮೇಲೆ ಮುಚ್ಚಿರುತ್ತಾರೆ. ಕಲ್ಲಿನ ಬಣ್ಣ, ಗಾರೆಯ ನೇರ ಕೂಡುಗೆರೆ ಗಮನಿಸಿದರೆ ಮೂಲ ಅಗಲ ಗೊತ್ತಾಗುತ್ತದೆ. ಆ ಬೀದಿಯ ಮನೆಗಳಲ್ಲಿ ಕೆಲವನ್ನು ಈಗ ಹಳೆಯ ಕಟ್ಟಡ ಉಳಿಸುವ ಲ್ಯಾಂಡ್‌ಮಾರ್ಕ್ ಟ್ರಸ್ಟ್ ನೋಡಿಕೊಳ್ಳುತ್ತದೆ.

ದುಡಿವಕೈ

@ಗಾರೆಕಲ್ಲು, "ಹೆಂಗಸರು, ಮಕ್ಕಳು ಗಿರಣಿಗೆ ಹೋಗುವುದು ಎಂಬ ಏರ್ಪಾಟು" ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ. ಅಲ್ಲಿ ನಿಲ್ಲಬೇಕು.

1771ರ ಡಿಸೆಂಬರ್‌ನಲ್ಲಿ ಡರ್ಬಿಯ ಪತ್ರಿಕೆಯಲ್ಲಿ ಗಿರಣಿಯ ಜಾಹೀರಾತು ಬಂತು. ಹಲ್ಲುಚಕ್ರ ಬಲ್ಲ ಇಬ್ಬರು ಗಡಿಯಾರದ ಕಸುಬಿನವರು ಬೇಕು, ಕಾಸಿ ಅರ ಹಾಕಬಲ್ಲ ಕಮ್ಮಾರ ಬೇಕು, ಮರದ ಕಡೆತದವರು ಇಬ್ಬರು ಬೇಕು, ನೇಕಾರರಿಗೆ ಕೆಲಸವಿದೆ, ಹೆಂಗಸರು ಮಕ್ಕಳಿಗೂ ಕೆಲಸವಿದೆ. ಕುಶಲಕರ್ಮಿಗಳು ಬೆರಳೆಣಿಕೆ, ಉಳಿದ ದುಡಿಮೆಯ ಬಹುಪಾಲು ಮಕ್ಕಳದು. ಹರಿದ ನೂಲು ಕೂಡಿಸುವುದು, ತುಂಬಿದ ಉರುಟು ತೆಗೆದು ಖಾಲಿಯದು ಹಾಕುವುದು, ಯಂತ್ರದಡಿ ಗುಡಿಸುವುದು. ಪಾಳಿ 12 ತಾಸು, ಹಗಲೊಂದು ರಾತ್ರಿಯೊಂದು.

ಕ್ರಾಮ್‌ಫರ್ಡ್‌ನ ವಿಶೇಷ ಏನೆಂದರೆ ಇಲ್ಲಿ ಅನಾಥಾಲಯದಿಂದ ಮಕ್ಕಳನ್ನು ತಂದು ಹಾಸ್ಟೆಲಿನಲ್ಲಿಟ್ಟು ದುಡಿಸುವ ಪದ್ಧತಿ ಇರಲಿಲ್ಲ. ಇಡೀ ಕುಟುಂಬಗಳನ್ನು ಕರೆಸಿದರು. ಮನೆ ಕಟ್ಟಿಸಿದ್ದು ಔದಾರ್ಯಕ್ಕಲ್ಲ, ಮಕ್ಕಳಿರುವ ಸಂಸಾರಗಳನ್ನು ಊರಿನಲ್ಲಿ ನಿಲ್ಲಿಸಿಕೊಳ್ಳಲು. ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ ಅನ್ನುವುದು ಯಾರೂ ಬಾಯಿಬಿಟ್ಟು ಹೇಳಬೇಕಾದ ಮಾತಲ್ಲ.

ಕಾನೂನು ಬಂದದ್ದು ತಡವಾಗಿ. 1833ರ ಕಾಯಿದೆ ಜವಳಿ ಗಿರಣಿಗಳಲ್ಲಿ 9 ವರ್ಷದೊಳಗಿನವರನ್ನು ನಿಷೇಧಿಸಿ, 9ರಿಂದ 13ರವರಿಗೆ ದಿನಕ್ಕೆ 9 ತಾಸು ಎಂದಿತು, ದೇಶಕ್ಕೆಲ್ಲ ನಾಲ್ವರು ತಪಾಸಣಾಧಿಕಾರಿಗಳನ್ನು ನೇಮಿಸಿತು. ಭಾರತದ ಮೊದಲ ಕಾರ್ಖಾನೆ ಕಾಯಿದೆ 1881ರದ್ದು, ಅದು ತಡೆದದ್ದು 7 ವರ್ಷದೊಳಗಿನವರನ್ನು ಮಾತ್ರ. 1891ರ ತಿದ್ದುಪಡಿಯಲ್ಲಿ ಅದು 9 ಆಯಿತು. ಅಲ್ಲಿ 1833ರಲ್ಲೇ ತಪ್ಪೆಂದು ಒಪ್ಪಿದ್ದನ್ನು ಇಲ್ಲಿ ಸುಮಾರು ಅರವತ್ತು ವರ್ಷ ನಡೆಯಗೊಟ್ಟರು.

ಗಾರೆಕಲ್ಲು

ಒಪ್ಪುತ್ತೇನೆ. ಮನೆಗಳು ಗಟ್ಟಿಮುಟ್ಟಾಗಿವೆ ಅನ್ನುವುದು ನಿಜ, ಅವುಗಳ ಉದ್ದೇಶ ನೀವು ಹೇಳಿದ್ದೇ.

ನೀರುಗಂಟಿ

ಈಗ ನೀರು ಹೋದ ಕಥೆ.

1772ರಲ್ಲೇ, ಅಂದರೆ ಗಿರಣಿ ಕಣ್ಣುಬಿಡುವ ಹೊತ್ತಿಗೇ, ಗಣಿಗಾರರು ಮೀರ್‌ಬ್ರೂಕ್ ಸಫ್ ಎಂಬ ಇನ್ನೊಂದು ಸುರಂಗ ಶುರುಮಾಡಿದ್ದರು. ಅದು ಕ್ರಾಮ್‌ಫರ್ಡ್ ಸಫ್‌ಗಿಂತ ಕೆಳಮಟ್ಟದ್ದು. ಹಳೆಯ ಸುರಂಗದ ಮಟ್ಟಕ್ಕಿಂತ ಕೆಳಗಿನ ಅದಿರು ತೆಗೆಯಬೇಕಾದರೆ ನೀರನ್ನು ಇನ್ನೂ ಕೆಳಗೆ ಇಳಿಸಬೇಕಲ್ಲವೇ? ಸುರಂಗ ಗುಡ್ಡದೊಳಗೆ ಮುಂದೆ ಹೋದಂತೆ ಅಂತರ್ಜಲದ ಮಟ್ಟ ಕುಸಿಯಿತು. ಮೇಲಿನ ಸುರಂಗ ಒಣಗುತ್ತ ಬಂತು.

ಗಿರಣಿಯವರು ಸುಮ್ಮನಿರಲಿಲ್ಲ. 1785ರಲ್ಲಿ ಬೇರ್ ಪಿಟ್ ಎಂದು ಕರೆಯುವ ಕಲ್ಲು ಕಟ್ಟಿದ ಗುಂಡಿ ತೋಡಿ, ಸಫ್ ನೀರಿಗೆ ಅಲ್ಲಿ ತೂಬು ಹಾಕಿ, ಬೇಕಾದಾಗ ಅದನ್ನು ಹೋಟೆಲ್ ಹಿಂದಿನ ಕೆರೆಗೆ ತಿರುಗಿಸುವ ವ್ಯವಸ್ಥೆ ಮಾಡಿದ್ದರು. ರಸ್ತೆಯ ಮೇಲಿಂದ ನೀರು ದಾಟಿಸುವ ಮರದ ದೋಣಿಗಾಲುವೆಯ ಜಾಗಕ್ಕೆ 1821ರಲ್ಲಿ ಎರಕದ ಕಬ್ಬಿಣದ್ದು ಬಂತು, ಈಗಲೂ ಇದೆ. ಆದರೆ ಮೂಲದಲ್ಲೇ ನೀರು ಇಲ್ಲದಿದ್ದರೆ ತೂಬು ಏನು ಮಾಡೀತು?

ವಿಷಯ ಕೋರ್ಟಿಗೆ ಹೋಯಿತು. 1839ರ ಆರ್ಕ್‌ರೈಟ್ (ಗಿರಣಿಯ ಮನೆತನ) ಮತ್ತು ಗೆಲ್ (ಗಣಿ ಕಡೆಯವರು) ಮೊಕದ್ದಮೆ. ದಶಕಗಳಿಂದ ಈ ನೀರು ಬಳಸಿದ್ದೇವೆ, ಹಕ್ಕು ನಮ್ಮದು ಎಂದು ಗಿರಣಿ ಕಡೆಯ ವಾದ. ಕೋರ್ಟು ಒಪ್ಪಲಿಲ್ಲ. ಇದು ಸಹಜ ಹಳ್ಳವಲ್ಲ, ಗಣಿಯವರು ತಮ್ಮ ಅನುಕೂಲಕ್ಕೆ ಮಾಡಿದ ಕೃತಕ ಹರಿವು. ಗಣಿಯ ಅಗತ್ಯ ಬದಲಾದರೆ ನೀರೂ ಬದಲಾಗುತ್ತದೆ ಅನ್ನುವುದು ಬಳಸುವವರಿಗೆ ಮೊದಲಿಂದ ಗೊತ್ತಿದ್ದದ್ದೇ, ಎಷ್ಟು ವರ್ಷ ಬಳಸಿದರೂ ಹರಿಸುತ್ತಲೇ ಇರಬೇಕೆಂದು ಒತ್ತಾಯಿಸಲಾಗದು. ನೀರಿನ ಹಕ್ಕಿನ ಕಾನೂನು ಓದುವವರು ಇಂದಿಗೂ ಉಲ್ಲೇಖಿಸುವ ತೀರ್ಪು ಇದು. 1840ರ ದಶಕ ಮುಗಿಯುವುದರೊಳಗೆ ಹಳೆಯ ಗಿರಣಿಯಲ್ಲಿ ನೂಲುವುದು ನಿಂತಿತು.

ಪೆಟ್ಟು ಗಿರಣಿಗೆ ಮಾತ್ರವಲ್ಲ. 1794ರಲ್ಲಿ ಮುಗಿದ ಕ್ರಾಮ್‌ಫರ್ಡ್ ಕಾಲುವೆ ದೋಣಿ ಸಾಗಣೆಗೆ ನಂಬಿದ್ದೂ ಈ ಸಫ್ ನೀರನ್ನೇ. ಅದು ಬತ್ತಿದಾಗ 1849ರಲ್ಲಿ ಲೀವುಡ್‌ನಲ್ಲಿ ಉಗಿ ಪಂಪು ಕಟ್ಟಿ ಡರ್ವೆಂಟ್‌ನಿಂದ ನೀರೆತ್ತಬೇಕಾಯಿತು. ಒಂದು ಎತ್ತಿಗೆ ಸುಮಾರು 4 ಟನ್, ನಿಮಿಷಕ್ಕೆ 7 ಎತ್ತು. ಇಷ್ಟು ದೊಡ್ಡ ಪಂಪು ಯಾಕೆಂದರೆ ಕೆಳಗಿನ ಗಿರಣಿಗಳ ನೀರು ಕಡಿಮೆಯಾಗದಿರಲೆಂದು ಶನಿವಾರ ರಾತ್ರಿ 8ರಿಂದ ಭಾನುವಾರ ರಾತ್ರಿ 8ರವರೆಗೆ ಮಾತ್ರ ಎತ್ತಲು ಅನುಮತಿ. ವಾರದ ನೀರನ್ನೆಲ್ಲ ಆ 24 ತಾಸಿನಲ್ಲೇ ತುಂಬಿಸಿಕೊಳ್ಳಬೇಕು, ಅಂದರೆ 40,000 ಟನ್ ಹತ್ತಿರ.

ಕಡತಪ್ರಿಯ

ನೀರುಗಂಟಿಯವರೇ, ವಿವರಣೆ ಚೆನ್ನಾಗಿದೆ. ಆದರೆ ನೀರೊಂದೇ ಕಾರಣ ಅನ್ನುವಂತೆ ಓದಿಸಿಕೊಳ್ಳುತ್ತಿದೆ, ಅದಕ್ಕೆ ನನ್ನ ತಕರಾರಿದೆ. 1785ರಲ್ಲಿ ಪೇಟೆಂಟ್‌ಗಳು ರದ್ದಾದವು, ಯಾರು ಬೇಕಾದರೂ ಯಂತ್ರ ಮಾಡಬಹುದಾಯಿತು. ಉಗಿಯಂತ್ರ ಬಂದ ಮೇಲೆ ಕಲ್ಲಿದ್ದಲು, ಬಂದರು, ಪೇಟೆ ಹತ್ತಿರವಿದ್ದ ಮ್ಯಾಂಚೆಸ್ಟರ್ ಸುತ್ತ ಗಿರಣಿಗಳು ಗುಂಪುಗೂಡಿದವು. 1792ರಲ್ಲಿ ತಂದೆ ತೀರಿಕೊಂಡ ಮೇಲೆ ಮಗ ಕಿರಿಯ ಆರ್ಕ್‌ರೈಟ್ ಹಲವು ಗಿರಣಿಗಳನ್ನು ಕೈಬಿಟ್ಟು ಜಮೀನು, ಬ್ಯಾಂಕ್ ವ್ಯವಹಾರಕ್ಕೆ ಹೋದ. ನೀರು ಉಳಿದಿದ್ದರೂ ಹಳೆಯ ಗಿರಣಿ ಎಷ್ಟು ದಿನ ನಡೆಯುತ್ತಿತ್ತು?

ನೀರುಗಂಟಿ

ಆ ಕಾರಣಗಳೆಲ್ಲ ನಿಜ. ಆದರೆ ಮ್ಯಾಸನ್ ಗಿರಣಿ ನೋಡಿ. ಅದೇ ಒಡೆಯ, ಅದೇ ಊರು, ಮ್ಯಾಂಚೆಸ್ಟರ್‌ನ ಅದೇ ಪೈಪೋಟಿ. 1783ರಲ್ಲಿ ಆರ್ಕ್‌ರೈಟ್ ಅದನ್ನು ಡರ್ವೆಂಟ್ ನದಿಯ ಮೇಲೆಯೇ ಕಟ್ಟಿದ, ಬಾಗಿದ ಒಡ್ಡು ಹಾಕಿ. ಹೊಲಿಗೆ ದಾರ ಮಾಡುತ್ತ ಅದು 1991ರವರೆಗೆ ನಡೆಯಿತು. ಕೆಲವೇ ನಿಮಿಷದ ನಡಿಗೆಯ ದೂರದಲ್ಲಿ ಒಂದು 1840ರ ದಶಕದಲ್ಲಿ ನಿಂತಿತು, ಇನ್ನೊಂದು ಮತ್ತೆ ಒಂದೂವರೆ ಶತಮಾನ ನಡೆಯಿತು. ಈ ವ್ಯತ್ಯಾಸವನ್ನು ನೀರಿನ ಮೂಲ ಬಿಟ್ಟು ಬೇರೆ ಯಾವುದರಿಂದ ವಿವರಿಸುತ್ತೀರಿ?

ಕಡತಪ್ರಿಯ

ಮ್ಯಾಸನ್ ಉದಾಹರಣೆ ಬಲವಾದದ್ದು. ಆದರೂ ಅದು ಮುಂದೆ ದೊಡ್ಡ ದಾರದ ಕಂಪನಿಗೆ ಸೇರಿದ್ದರಿಂದ, 1897ರ ನಂತರ, ಬಂಡವಾಳವೂ ಪೇಟೆಯೂ ಸಿಕ್ಕಿತು ಅನ್ನುವುದನ್ನು ಸೇರಿಸಿಕೊಳ್ಳಿ. ನೀರು ಗಿರಣಿಯನ್ನು ಉಳಿಸಿತು, ಬೆಳೆಸಿದ್ದು ಬೇರೆ.

ಘಟಪ್ರಭೆದಂಡಿ

ನಮ್ಮ ಗೋಕಾಕ ಫಾಲ್ಸ್ ಬಗ್ಗೆ ಯಾರೂ ತಗದಿಲ್ಲಲ್ರೀ? ಅದೂ ಗಿರಣಿಗಂತನ ಹುಟ್ಟಿದ ಊರು. ಕಂಪನಿ ಶುರುವಾಗಿದ್ದು 1885ರಾಗ, ಘಟಪ್ರಭಾ ನದಿ 52 ಮೀಟರ್ ಧುಮುಕೋ ಜಾಗಾದಾಗ.

ನೀರುಗಂಟಿ ಅವರ ಲೆಕ್ಕಾನ ಇಲ್ಲಿ ಹಚ್ಚಿ ನೋಡ್ರಿ. 5 ಮೀಟರ್ ಬೀಳಿಗೆ ಸೆಕೆಂಡಿಗೆ 234 ಲೀಟರ್ ಬೇಕಂದ್ರ, 52 ಮೀಟರ್ ಬೀಳಿಗೆ ಅದೇ ದಕ್ಷತೆ ಹಿಡದ್ರ 22-23 ಲೀಟರ್ ಸಾಕು. ಆದ್ರ ಅಷ್ಟ ಎತ್ತರಕ್ಕ ಕಟ್ಟಿಗಿ ಚಕ್ರ ನಡಿಯಂಗಿಲ್ಲ, ಕೊಳವಿಯೊಳಗ ನೀರ ಇಳಿಸಿ ಟರ್ಬೈನ್ ತಿರಗಿಸಬೇಕು. ನಡುವಿನ ನೂರು ವರ್ಷದಾಗ ಆದ ತಾಂತ್ರಿಕ ಬದಲಾವಣಿ ಅಂದ್ರ ಇದ. ನಮ್ಮ ತೊಂದರಿನೂ ಬ್ಯಾರೆ. ಅಲ್ಲಿ ಹಿಮ, ಇಲ್ಲಿ ಬ್ಯಾಸಿಗಿ. ಮಳಿಗಾಲದಾಗ ದಂಡಿ ಮೀರಿ ಬರೋ ಹೊಳಿ ಚೈತ್ರದಾಗ ಬಂಡಿಗಲ್ಲ ತೋರಸ್ತದ. ಅದಕ್ಕ ಮ್ಯಾಲೆ ಧುಪದಾಳದ ಒಡ್ಡಿನ ನೀರು ನೀರಾವರಿಗೂ ಬೇಕು, ಗಿರಣಿಗೂ ಬೇಕು.

ಈ ಊರಿನ ಇತಿಹಾಸ ಬರಿಯವ್ರಿಗೆ ಕಾಗದಪತ್ರ ಎಲ್ಲಿ ಸಿಗ್ತಾವ್ರಿ, ಕಡತಪ್ರಿಯ ಅವರ?

ಕಡತಪ್ರಿಯ

ಗೋಕಾಕ ಫಾಲ್ಸ್‌ಗೆ ಮೊದಲು ನೆನಪಿಡಬೇಕಾದ್ದು: ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಬೆಂಗಳೂರಿನ ಪತ್ರಾಗಾರದಲ್ಲಷ್ಟೇ ಹುಡುಕಿದರೆ ಬರಿಗೈ. ಬ್ರಿಟಿಷರ ಕಾಲದ ಕಂದಾಯ, ಲೋಕೋಪಯೋಗಿ, ಕಾರ್ಖಾನೆ ತಪಾಸಣೆಯ ಕಡತಗಳಿಗೆ ಮುಂಬಯಿಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಬೆಳಗಾವಿ ಗೆಝೆಟಿಯರ್ 1884ರದ್ದು, ಅಂದರೆ ಕಂಪನಿಗಿಂತ ಒಂದು ವರ್ಷ ಹಿಂದಿನದು. ಅದರಲ್ಲಿ ಗಿರಣಿ ಹಳ್ಳಿ ಹುಡುಕಬೇಡಿ, ಗಿರಣಿ ಬರುವ ಮುಂಚೆ ಜಲಪಾತದ ಸುತ್ತ ಏನಿತ್ತು ಅನ್ನುವುದಕ್ಕೆ ಓದಿ. ಗುಡಿಯ ಶಾಸನ, ಸರ್ವೆ ನಕ್ಷೆ, ಶಾಲೆಯ ದಾಖಲಾತಿ ಪುಸ್ತಕ ಇವನ್ನೂ ಬಿಡಬೇಡಿ. ಮಕ್ಕಳು ಯಾವ ವಯಸ್ಸಿಗೆ ಶಾಲೆ ಬಿಟ್ಟರು ಅನ್ನುವುದು ಗಿರಣಿಯ ಹಾಜರಿ ಪುಸ್ತಕ ಸಿಗದಿದ್ದಾಗ ತುಂಬಾ ಹೇಳುತ್ತದೆ.

ಕ್ರಾಮ್‌ಫರ್ಡ್‌ಗೆ ದಾರಿ ಸುಲಭ, ಆದರೆ ಗುಂಡಿಗಳಿವೆ. ಇಂಗ್ಲೆಂಡಿನ ಜನಗಣತಿಯ ಮನೆಮನೆ ಹಾಳೆಗಳು 1841ರಿಂದ 1921ರವರೆಗೆ ಅಂತರ್ಜಾಲದಲ್ಲೇ ನೋಡಸಿಗುತ್ತವೆ. 1841ರದ್ದರಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಕೆಳಗುಣಕಕ್ಕೆ ಇಳಿಸಿ ಬರೆದಿದ್ದಾರೆ. 39 ವರ್ಷದವರು 35 ಆಗಿರುತ್ತಾರೆ. ಮನೆಯ ಯಜಮಾನನಿಗೆ ಏನಾಗಬೇಕು ಅನ್ನುವ ಅಂಕಣವೂ ಇಲ್ಲ, ಅದು 1851ರಲ್ಲಿ ಬಂತು, ಹುಟ್ಟಿದ ಊರೂ ಆಗಲೇ. ಹಾಗಾಗಿ ಯಾವ ಹಳ್ಳಿಗಳಿಂದ ಜನ ಗಿರಣಿಗೆ ಬಂದರು ಎಂದು ನೋಡಲು 1851ರಿಂದ ಶುರುಮಾಡುವುದು ಲೇಸು. ಹೆಂಗಸರ, ಮಕ್ಕಳ ಕಸುಬಿನ ಜಾಗ ಖಾಲಿ ಬಿಟ್ಟಿದ್ದರೆ ಅವರು ದುಡಿಯುತ್ತಿರಲಿಲ್ಲ ಎಂದು ತೀರ್ಮಾನಿಸಬೇಡಿ. 1931ರ ಹಾಳೆಗಳು 1942ರ ಬೆಂಕಿಯಲ್ಲಿ ಹೋದವು, ಅವನ್ನು ಹುಡುಕಿ ಹೊತ್ತು ಕಳೆಯಬೇಡಿ.

ಅರಳೆಬುಟ್ಟಿ

ಹಳೆಯ ಗಿರಣಿಯ ಕಟ್ಟಡ ನೂಲುವುದು ನಿಂತ ಮೇಲೆ ಏನಾಯಿತು?

ಗಾರೆಕಲ್ಲು

ಹಲವು ಕೈ ಬದಲಾಯಿತು. ಒಂದು ಕಾಲಕ್ಕೆ ಅಲ್ಲಿ ಬಿಯರ್ ಮಾಡುತ್ತಿದ್ದರು, ಬಟ್ಟೆ ಒಗೆಯುವ ಉದ್ಯಮವೂ ಇತ್ತು. 1920ರ ದಶಕದಿಂದ 1979ರವರೆಗೆ ಬಣ್ಣದ ಪುಡಿಯ ಕಾರ್ಖಾನೆ. ಅದು ಬಿಟ್ಟುಹೋದದ್ದು ನೆಲ, ತೊಲೆ, ಗಾರೆಯೊಳಗೆಲ್ಲ ಇಳಿದ ಸೀಸದ ಕ್ರೋಮೇಟ್. 1979ರಲ್ಲಿ ಪರಂಪರೆ ಉಳಿಸುವ ಆರ್ಕ್‌ರೈಟ್ ಸೊಸೈಟಿ ಜಾಗ ಕೊಂಡಾಗ ಮೊದಲು ಮಾಡಬೇಕಾದ ಕೆಲಸ ರಿಪೇರಿಯಲ್ಲ, ವಿಷ ತೆಗೆಯುವುದು. ಕಟ್ಟಡದಿಂದ ಕಟ್ಟಡಕ್ಕೆ ದಶಕಗಳೇ ಹಿಡಿದವು. ಹಳೆಯ ಕಾರ್ಖಾನೆ ಉಳಿಸಲು ಹೊರಟವರು ಮೊದಲು ನೆಲದ ಮಣ್ಣು ಮತ್ತು ಗಾರೆಯ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬೇಕು. ಹಣದ ಅಂದಾಜು ಹಾಕುವುದು ಅದರ ವರದಿ ಬಂದ ಮೇಲೆ. ಗೋಕಾಕದಂಥ ಕಡೆ ಕಟ್ಟಡಗಳನ್ನು ದಾಖಲಿಸುವವರಿಗೂ ಇದೇ ಕ್ರಮ. ಒಣ ಧೂಳು ಗುಡಿಸದೆ ಒದ್ದೆ ಮಾಡಿ ತೆಗೆಯಿರಿ, ಮೂತಿಗೆ ಸರಿಯಾದ ಮಾಸ್ಕ್ ಇಲ್ಲದೆ ಹಳೆಯ ಬಣ್ಣ ಕೆರೆಯಬೇಡಿ.

ಘಟಪ್ರಭೆದಂಡಿ

ಉಪಕಾರ ಆತ್ರಿ. ಮುಂಬಯಿ ಕಡತಗಳ ಪಟ್ಟಿ ಸಿಕ್ಕ ಕೂಡಲೆ ಧುಪದಾಳದ ನೀರು ಹಂಚಿಕಿ ಬಗ್ಗೆ ಬ್ಯಾರೆ ಚರ್ಚೆನ ಚಾಲೂ ಮಾಡ್ತೀನಿ. ಯಾವ ತಿಂಗಳಾಗ ಕಾಲುವಿಗೆ ಎಷ್ಟು, ಗಿರಣಿಗೆ ಎಷ್ಟು ಅನ್ನೋದು ಗೊತ್ತಾದ್ರ ಉಳಿದ ಲೆಕ್ಕಾನೂ ಹಾಕಬಹುದು.